ಭೂಕಂಪವೋ ಬಾಂಬೋ? ಅಣು ಪರೀಕ್ಷೆಯ ಅಲೆಗಳನ್ನು ನೀವೇ ಓದುವ ಬಗೆ

2017ರ ಸೆಪ್ಟೆಂಬರ್ 3, ಭಾನುವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 1 ಸೆಕೆಂಡ್ ಆಗಿದ್ದಾಗ ಉತ್ತರ ಕೊರಿಯಾದ ಪುಂಗ್ಯೆ-ರಿಯಲ್ಲಿ ಮಂತಾಪ್ ಬೆಟ್ಟದ ಬುಡ ಅದುರಿತು. ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ತೀವ್ರತೆಯನ್ನು 6.3 ಎಂದಿತು. ಅಣು ಪರೀಕ್ಷೆಗಳ ಮೇಲೆ ಕಣ್ಣಿಡುವ, ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ದತ್ತಾಂಶ ಕೇಂದ್ರದ ಲೆಕ್ಕ 6.1. ಉತ್ತರ ಕೊರಿಯಾ ಟಿವಿಯಲ್ಲಿ ಘೋಷಿಸುವ ಹೊತ್ತಿಗಾಗಲೇ ಭೂಕಂಪ ವಿಜ್ಞಾನಿಗಳು ಇದು ಸ್ಫೋಟವೆಂದು ಗುರುತಿಸಿ ಆಗಿತ್ತು.

ಅವರು ಹೇಗೆ ಗುರುತಿಸಿದರು ಎಂಬುದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಒಳ್ಳೆಯದು. ಆ ದಿನದ ದಾಖಲೆಗಳಲ್ಲಿ ಸಾಕಷ್ಟು ಭಾಗ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂದಿಗೂ ತೆರೆದಿದೆ. ಒಂದು ಲ್ಯಾಪ್‌ಟಾಪ್, ಇಂಟರ್‌ನೆಟ್, ಒಂದು ಬಿಡುವಿನ ದಿನ ಇದ್ದರೆ ಸಾಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬಂದರೆ ಕೆಲಸ ಹಗುರ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಅಲೆಗಳನ್ನು ನೋಡಿ ‘ಇದು ಸ್ಫೋಟ’ ಎನ್ನುವುದು ಈಗ ಬಹುಮಟ್ಟಿಗೆ ಗಟ್ಟಿ ವಿದ್ಯೆ. ‘ಇಷ್ಟು ಕಿಲೋಟನ್’ (ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನ ಬಲ) ಎನ್ನುವುದು ಅಷ್ಟು ಗಟ್ಟಿಯಲ್ಲ. ಸುದ್ದಿಯ ತಲೆಬರಹಗಳಲ್ಲಿ ಮಾತ್ರ ಕಿಲೋಟನ್ ಲೆಕ್ಕವೇ ಎಲ್ಲಕ್ಕಿಂತ ಖಚಿತವಾದದ್ದೆಂಬಂತೆ ರಾರಾಜಿಸುತ್ತದೆ.

ಹಿನ್ನೆಲೆ, ಎರಡೇ ಮಾತಿನಲ್ಲಿ

1963ರ ಮಾಸ್ಕೋ ಒಪ್ಪಂದ ಗಾಳಿಯಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಅಣು ಪರೀಕ್ಷೆ ಮಾಡುವುದನ್ನು ನಿಷೇಧಿಸಿತು. ನೆಲದಡಿಯ ಪರೀಕ್ಷೆಯನ್ನು ಬಿಟ್ಟಿತು, ಏಕೆಂದರೆ ಅದನ್ನು ದೂರದಿಂದ ಪತ್ತೆಹಚ್ಚಬಹುದೆಂಬ ನಂಬಿಕೆ ಆಗ ಇರಲಿಲ್ಲ. 1974ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನೆಲದಡಿಯ ಪರೀಕ್ಷೆಗೂ 150 ಕಿಲೋಟನ್ನಿನ ಮಿತಿ ಹಾಕಿಕೊಂಡವು. 1996ರ ಸೆಪ್ಟೆಂಬರ್ 24ರಂದು ಸಹಿಗೆ ತೆರೆದ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ, ಅಂದರೆ ಸಿಟಿಬಿಟಿ, ಯಾವ ಗಾತ್ರದ ಸ್ಫೋಟಕ್ಕೂ ಅವಕಾಶ ಕೊಡುವುದಿಲ್ಲ. ಅದು ಇನ್ನೂ ಜಾರಿಗೆ ಬಂದಿಲ್ಲ. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಆದರೆ ಅದರ ಕಾವಲು ಜಾಲ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. 50 ಪ್ರಧಾನ ಭೂಕಂಪ ಕೇಂದ್ರಗಳು, 120 ಸಹಾಯಕ ಕೇಂದ್ರಗಳು, ಜೊತೆಗೆ ಸಮುದ್ರದ ಸದ್ದು, ಗಾಳಿಯ ಮಂದ್ರ ಸದ್ದು, ವಿಕಿರಣಶೀಲ ಕಣ ಇವನ್ನು ಹಿಡಿಯುವ ಕೇಂದ್ರಗಳು ಆ ಜಾಲದ ಯೋಜನೆಯಲ್ಲಿವೆ.

ಆ ಜಾಲದ ದತ್ತಾಂಶ ನಮ್ಮಂಥ ಸಾರ್ವಜನಿಕರಿಗೆ ನೇರವಾಗಿ ಸಿಗದು. ಪರವಾಗಿಲ್ಲ. ಭೂಕಂಪ ಅಧ್ಯಯನಕ್ಕೆಂದೇ ಹಾಕಿದ ಬೇರೆ ಜಾಲಗಳು ಉಚಿತವಾಗಿವೆ.

ಹೆಜ್ಜೆ 1: ಎಲ್ಲಿ, ಯಾವಾಗ, ಎಷ್ಟು ಆಳ

ಯುಎಸ್‌ಜಿಎಸ್‌ನ ಭೂಕಂಪ ಪಟ್ಟಿಯಲ್ಲಿ ದಿನಾಂಕ ಕೊಟ್ಟು ಹುಡುಕಿ. ಅಕ್ಷಾಂಶ 41.3 ಉತ್ತರ, ರೇಖಾಂಶ 129.1 ಪೂರ್ವದ ಸುತ್ತ ಈ ಘಟನೆ ಸಿಗುತ್ತದೆ. ಪಟ್ಟಿ ಸಮಯ ಕೊಡುವುದು ಜಾಗತಿಕ ಪ್ರಮಾಣ ಸಮಯದಲ್ಲಿ: 03:30:01. ನಮ್ಮ ಸಮಯ ಬೇಕಾದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಭಾರತೀಯ ಸಮಯ ಹಾಕಿ ದಾಖಲೆ ಇಳಿಸಿಕೊಂಡು, ಸುಮ್ಮನೆ ಮಲಗಿದ ಗೆರೆಯನ್ನು ನೋಡುತ್ತ ಕೂರುತ್ತಾರೆ.

ಸಮಯವನ್ನೇ ಒಮ್ಮೆ ಗಮನಿಸಿ. ಉತ್ತರ ಕೊರಿಯಾದ ಆರು ಪರೀಕ್ಷೆಗಳಲ್ಲಿ ಕೊನೆಯ ಮೂರು, ಅಂದರೆ 2016ರ ಜನವರಿ, 2016ರ ಸೆಪ್ಟೆಂಬರ್ ಮತ್ತು 2017ರವು, ಅರ್ಧ ಗಂಟೆ ತುಂಬಿ ಒಂದು ಸೆಕೆಂಡಿಗೆ ನಡೆದಿವೆ. ಭೂಮಿ ಗಡಿಯಾರ ನೋಡಿಕೊಂಡು ನಡುಗುವುದಿಲ್ಲ. ಆದರೆ ಮೊದಲ ಮೂರರ ಸಮಯ ಹೀಗೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಇದು ಅನುಮಾನಕ್ಕೆ ಇಂಬು ಮಾತ್ರ, ಪುರಾವೆಯಲ್ಲ. ಗಣಿಯವರೂ ಗಡಿಯಾರ ನೋಡಿಯೇ ಸಿಡಿಮದ್ದು ಇಡುತ್ತಾರೆ.

ಆಳ ಹೆಚ್ಚು ಬೆಲೆಯುಳ್ಳ ಸುಳಿವು. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ, ಸುಮಾರು 12 ಕಿ.ಮೀ. ಅಣು ಪರೀಕ್ಷೆಗಳು ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಒಳಗೇ ಮುಗಿಯುತ್ತವೆ. ಹಾಗಾಗಿ ಆಳ 30 ಕಿ.ಮೀ. ಎಂದು ನಿಜವಾಗಿ ಸಾಬೀತಾದರೆ ಅದು ಭೂಕಂಪವೇ, ಮುಂದೆ ನೋಡಬೇಕಾಗಿಲ್ಲ. ‘ನಿಜವಾಗಿ’ ಎಂಬುದಕ್ಕೆ ಕಾರಣವಿದೆ. ಪಟ್ಟಿಗಳಲ್ಲಿ ಕಾಣುವ ‘10 ಕಿ.ಮೀ.’ ಎಷ್ಟೋ ಸಲ ಅಳೆದದ್ದಲ್ಲ, ಆಳ ಬಗೆಹರಿಯದಿದ್ದಾಗ ಹಾಕುವ ರೂಢಿಯ ಅಂಕಿ. ಸ್ಫೋಟವೆಂದು ಮೊದಲೇ ತೀರ್ಮಾನಿಸಿದವರು ‘0’ ಎಂದು ಕಟ್ಟಿಹಾಕಿರುವುದೂ ಉಂಟು. ಅಂಕಿಯ ಪಕ್ಕದಲ್ಲಿ ಅನಿಶ್ಚಿತತೆ ಎಷ್ಟೆಂದು ಬರೆದಿದೆಯೇ ನೋಡಿ.

ಸ್ಥಳ ಎಡವಟ್ಟಾದರೆ ಏನಾಗುತ್ತದೆಂಬುದಕ್ಕೆ 1997ರ ಆಗಸ್ಟ್ 16 ಸಾಕ್ಷಿ. ರಷ್ಯಾದ ನೊವಾಯಾ ಜೆಮ್ಲ್ಯಾ ಪರೀಕ್ಷಾ ತಾಣದ ದಿಕ್ಕಿನಲ್ಲಿ ಚಿಕ್ಕ ಕಂಪನವೊಂದು ದಾಖಲಾಯಿತು. ರಷ್ಯಾ ಕದ್ದು ಪರೀಕ್ಷೆ ಮಾಡಿತೆಂದು ವಾಷಿಂಗ್ಟನ್ನಿನಲ್ಲಿ ಗುಲ್ಲೆದ್ದಿತು. ಕೂತು ಲೆಕ್ಕ ಹಾಕಿದಾಗ ಅದು ತಾಣದಿಂದ 100 ಕಿ.ಮೀ.ಗೂ ಆಚೆ, ಕಾರಾ ಸಮುದ್ರದ ತಳದಲ್ಲಿ ಆದ ಭೂಕಂಪ ಎಂದು ಗೊತ್ತಾಯಿತು.

ಹೆಜ್ಜೆ 2: ಹತ್ತಿರದ ಕೇಂದ್ರದ ದಾಖಲೆ ಇಳಿಸಿಕೊಳ್ಳಿ

ಪುಂಗ್ಯೆ-ರಿಗೆ ಸಂಬಂಧಪಟ್ಟಂತೆ ಎಲ್ಲರೂ ಮೊದಲು ಕೈಹಾಕುವುದು ಚೀನಾದ ಮುದಾನ್‌ಜಿಯಾಂಗ್ ಕೇಂದ್ರಕ್ಕೆ. ಜಾಲದ ಸಂಕೇತ ಐಸಿ, ಕೇಂದ್ರದ ಸಂಕೇತ ಎಂಡಿಜೆ. ತಾಣದಿಂದ ಸುಮಾರು 370 ಕಿ.ಮೀ. ಉತ್ತರಕ್ಕಿದೆ. ಅಮೆರಿಕದ ಐರಿಸ್ (ಈಗ ಅರ್ಥ್‌ಸ್ಕೋಪ್) ಭಂಡಾರದಲ್ಲಿ ಅದರ ದಾಖಲೆ ಸಿಗುತ್ತದೆ. ಕೋಡ್ ಬರೆಯಲು ಇಷ್ಟವಿಲ್ಲದವರು ಅದರ ವಿಲ್ಬರ್ ಎಂಬ ಪುಟದಲ್ಲಿ ಘಟನೆ, ಕೇಂದ್ರ ಆರಿಸಿಕೊಂಡು ಇಳಿಸಬಹುದು. ಪೈಥಾನ್ ಬಂದವರಿಗೆ ಆಬ್ಸ್‌ಪೈ ಎಂಬ ಉಚಿತ ಸಲಕರಣೆ ಇದೆ. ನಾಲ್ಕೈದು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಬಿಎಚ್‌ಝಡ್ ಎಂಬ ವಾಹಿನಿ ಆರಿಸಿ. ಅದು ನೆಲ ಮೇಲೆ-ಕೆಳಗೆ ಆಡುವುದನ್ನು ಬರೆಯುವ ಗೆರೆ.

ಸ್ಫೋಟದ ಒಂದು ನಿಮಿಷ ಮೊದಲಿನಿಂದ ಹಿಡಿದು ಹದಿನೈದು ನಿಮಿಷದ ತುಣುಕು ತೆಗೆದುಕೊಳ್ಳಿ. ಇಷ್ಟು ಉದ್ದ ಏಕೆಂಬುದು ಮುಂದೆ ತಿಳಿಯುತ್ತದೆ.

ಎಂಡಿಜೆಗೆ ಮೊದಲ ಪಿ ಅಲೆ (ನೆಲವನ್ನು ಹಿಂದೆಮುಂದೆ ತಳ್ಳುತ್ತ ಎಲ್ಲಕ್ಕಿಂತ ಬೇಗ ಬರುವ ಅಲೆ) ಬರುವುದು ಸ್ಫೋಟವಾದ 50 ಸೆಕೆಂಡು ದಾಟಿದ ಮೇಲೆ. ಎಸ್ ಬಗೆಯ, ಅಂದರೆ ನೆಲವನ್ನು ಅಡ್ಡಡ್ಡ ಅಲುಗಾಡಿಸುವ ಅಲೆಗಳು ಭೂಮಿಯ ಹೊರಪದರದಲ್ಲಿ ಸಿಕ್ಕಿಕೊಂಡು ಎಲ್‌ಜಿ ಎಂಬ ಗುಂಪಾಗಿ ನಿಧಾನವಾಗಿ ಬರುತ್ತವೆ, ಸುಮಾರು 1 ನಿಮಿಷ 45 ಸೆಕೆಂಡಿನ ಹೊತ್ತಿಗೆ. ಗೆರೆಯ ಮೇಲೆ ಈ ಎರಡು ಜಾಗಗಳನ್ನು ಗುರುತು ಮಾಡಿಟ್ಟುಕೊಳ್ಳಿ.

ಹೆಜ್ಜೆ 3: ಮೊದಲ ತಳ್ಳು ಯಾವ ಕಡೆಗೆ

ಭೂಕಂಪದಲ್ಲಿ ಬಿರುಕಿನ ಎರಡು ಬದಿಗಳು ಒಂದಕ್ಕೊಂದು ಉಜ್ಜಿಕೊಂಡು ಜಾರುತ್ತವೆ. ಕೆಲವು ದಿಕ್ಕಿಗೆ ನೆಲವನ್ನು ತಳ್ಳುತ್ತವೆ, ಕೆಲವು ದಿಕ್ಕಿನಿಂದ ಎಳೆಯುತ್ತವೆ. ಸ್ಫೋಟ ಎಲ್ಲ ದಿಕ್ಕಿಗೂ ತಳ್ಳುತ್ತದೆ. ಆದ್ದರಿಂದ ಸ್ಫೋಟವಾದರೆ ಸುತ್ತಲಿನ ಪ್ರತಿ ಕೇಂದ್ರದಲ್ಲೂ ಪಿ ಅಲೆಯ ಮೊದಲ ಚಲನೆ ಮೇಲ್ಮುಖವಾಗಿರಬೇಕು. ಎಂಡಿಜೆಯ ಜೊತೆಗೆ ದಕ್ಷಿಣ ಕೊರಿಯಾದ ಇಂಚಾನ್ ಕೇಂದ್ರವನ್ನೂ ತೆಗೆದು ನೋಡಿ.

1958ರಲ್ಲಿ ಜಿನೀವಾದಲ್ಲಿ ಪೂರ್ವ-ಪಶ್ಚಿಮದ ತಜ್ಞರು ಮೊದಲ ಸಲ ಒಟ್ಟಿಗೆ ಕೂತಾಗ ಈ ಸುಳಿವಿನ ಮೇಲೆ ಬಹಳ ಭಾರ ಹಾಕಿದ್ದರು. ಅದು ಅಷ್ಟು ಭಾರ ತಾಳಲಿಲ್ಲ. ಸದ್ದುಗದ್ದಲದ ನೆಲದಲ್ಲಿ ಸಣ್ಣ ಘಟನೆಯ ಮೊದಲ ಚಲನೆ ಮುಚ್ಚಿಹೋಗುತ್ತದೆ. 6.1ರ ಘಟನೆಗೆ ತೊಂದರೆಯಿಲ್ಲ. 4ರ ಘಟನೆಗೆ ಇದನ್ನು ನೆಚ್ಚಿ ಕೂರಬೇಡಿ.

ಹೆಜ್ಜೆ 4: ಪಿ ಮತ್ತು ಎಸ್ ಅಲೆಗಳನ್ನು ತೂಗಿ ನೋಡಿ

ನನ್ನ ಮಟ್ಟಿಗೆ ಇದೇ ಈ ವಿದ್ಯೆಯ ಜೀವಾಳ. ತಳ್ಳು ಹೆಚ್ಚಾದರೆ ಪಿ ಅಲೆ ಜೋರು, ಜಾರುವಿಕೆ ಹೆಚ್ಚಾದರೆ ಎಸ್ ಅಲೆ ಜೋರು. ಸ್ಫೋಟದ ಗೆರೆ ದಿಢೀರನೆ ಎದ್ದು ಆಮೇಲೆ ಇಳಿಯುತ್ತದೆ. ಭೂಕಂಪದ ಗೆರೆ ಸಣ್ಣದಾಗಿ ಶುರುವಾಗಿ ಎಸ್ ಬಂದಾಗ ಉಬ್ಬುತ್ತದೆ.

ಮಾಡುವ ಬಗೆ ಹೀಗೆ. ಗೆರೆಯನ್ನು ಮೊದಲು 1ರಿಂದ 2 ಹರ್ಟ್ಸ್ ಪಟ್ಟಿಯಲ್ಲಿ ಸೋಸಿ, ಅಂದರೆ ಸೆಕೆಂಡಿಗೆ ಒಂದೆರಡು ಸಲ ಏರಿಳಿಯುವ ಅಲೆಗಳನ್ನಷ್ಟೇ ಉಳಿಸಿಕೊಳ್ಳಿ. ಪಿ ಭಾಗದ ಮತ್ತು ಎಲ್‌ಜಿ ಭಾಗದ ಎತ್ತರ ಅಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಆಮೇಲೆ 2ರಿಂದ 4, 4ರಿಂದ 8 ಹರ್ಟ್ಸ್‌ನಲ್ಲೂ ಹಾಗೇ ಮಾಡಿ. ಈಗ ಅದೇ ಪ್ರದೇಶದಲ್ಲಿ, ಎಂಡಿಜೆಯಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಆದ ನಿಜವಾದ ಭೂಕಂಪವೊಂದನ್ನು ಪಟ್ಟಿಯಿಂದ ಹುಡುಕಿ ಅದಕ್ಕೂ ಇದನ್ನೇ ಮಾಡಿ. ಕಡಿಮೆ ಆವರ್ತನದಲ್ಲಿ ಎರಡೂ ಒಂದರೊಳಗೊಂದು ಬೆರೆತಿರುತ್ತವೆ. ಮೇಲೆ ಹೋದಂತೆ ಬೇರೆಬೇರೆಯಾಗುತ್ತವೆ.

ಹೋಲಿಕೆಗೆ ಪಕ್ಕದ ಭೂಕಂಪ ಏಕೆ ಬೇಕು? ಅಲೆ ಸಾಗಿ ಬಂದ ದಾರಿಯೂ ಗೆರೆಯನ್ನು ತಿದ್ದುತ್ತದೆ. ದಾರಿ ಒಂದೇ ಆಗಿದ್ದರೆ ಉಳಿದ ವ್ಯತ್ಯಾಸ ಮೂಲದ್ದು. 1998ರ ಮೇ 11ರ ಪೋಖ್ರಾನ್ ಪರೀಕ್ಷೆಯನ್ನು ಅಧ್ಯಯನ ಮಾಡಿದವರೂ ಇದನ್ನೇ ಮಾಡಿದರು. ಪಾಕಿಸ್ತಾನದ ನಿಲೋರ್ ಕೇಂದ್ರದಲ್ಲಿ, ಅಂದರೆ ಪೋಖ್ರಾನಿನಿಂದ 740 ಕಿ.ಮೀ. ಆಸುಪಾಸಿನಲ್ಲಿ, ದಾಖಲಾದ ಗೆರೆಯನ್ನು ಸುತ್ತಲಿನ ಭೂಕಂಪಗಳ ಗೆರೆಯ ಪಕ್ಕದಲ್ಲಿಟ್ಟರು. ವ್ಯತ್ಯಾಸ ಕಣ್ಣಿಗೇ ಕಾಣುವಂತಿತ್ತು.

ಹೆಜ್ಜೆ 5: ಹಳೆಯ ಪರೀಕ್ಷೆಯ ಮೇಲೆ ಹೊಸದನ್ನು ಹೊದಿಸಿ

2006, 2009, 2013 ಮತ್ತು 2016ರ ಎರಡು ಪರೀಕ್ಷೆಗಳ ಎಂಡಿಜೆ ದಾಖಲೆಗಳನ್ನೂ ಇಳಿಸಿ ಒಂದರ ಕೆಳಗೊಂದು ಜೋಡಿಸಿ. ಎತ್ತರವನ್ನು ಸಮ ಮಾಡಿದರೆ ಗೆರೆಗಳು ಒಂದೇ ಅಚ್ಚಿನವು ಎನ್ನಿಸುವಷ್ಟು ಹೋಲುತ್ತವೆ. ಅದೇ ಬೆಟ್ಟ, ಅದೇ ದಾರಿ. ಆಗಮನ ಸಮಯದ ಚಿಕ್ಕಚಿಕ್ಕ ವ್ಯತ್ಯಾಸಗಳನ್ನು ಹಲವು ಕೇಂದ್ರಗಳಿಂದ ಕೂಡಿಹಾಕಿ, ಹೊಸ ಸ್ಫೋಟ ಹಳೆಯದರಿಂದ ಎಷ್ಟು ಮೀಟರ್ ಸರಿದಿದೆ ಎಂದು ಹೇಳುವ ಮಟ್ಟಿಗೆ ವಿಜ್ಞಾನಿಗಳು ಹೋಗಿದ್ದಾರೆ.

ಈಗ 2017ರ ತುಣುಕಿನಲ್ಲಿ ಸ್ವಲ್ಪ ಮುಂದಕ್ಕೆ ಹೋಗಿ. ಮೊದಲ ಸ್ಫೋಟದ ಎಂಟೂವರೆ ನಿಮಿಷದ ನಂತರ ಇನ್ನೊಂದು ಪುಟ್ಟ ಘಟನೆ ಇದೆ. ತೀವ್ರತೆ ಸುಮಾರು 4.1. ಅದರ ಗೆರೆ ಸ್ಫೋಟದ ಹಾಗೂ ಇಲ್ಲ, ಭೂಕಂಪದ ಹಾಗೂ ಇಲ್ಲ. ಒಳಗಿನ ಪೊಳ್ಳು ಕುಸಿದು ಬಿದ್ದದ್ದು ಅದು. ಆ ಕುಸಿತವಾದ ಹೊತ್ತಿಗೆ ಮೊದಲ ಸ್ಫೋಟದ ಪಿ ಅಲೆ ಕರ್ನಾಟಕಕ್ಕೆ ಇನ್ನೂ ಮುಟ್ಟಿರಲಿಲ್ಲ. ಪುಂಗ್ಯೆ-ರಿಯಿಂದ ಗೌರಿಬಿದನೂರಿಗೆ ಸುಮಾರು 5,840 ಕಿ.ಮೀ.; ಭೂಮಿಯ ಒಳಗಿಂದ ಬರಲು ಪಿ ಅಲೆಗೆ ಒಂಬತ್ತೂಕಾಲು ನಿಮಿಷ ಬೇಕು.

ಗೌರಿಬಿದನೂರಿನ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ

1965ರಲ್ಲಿ ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದಿಂದ, ಅಲ್ಲಿ ಭೂಕಂಪಮಾಪಕಗಳ ಸಾಲೊಂದನ್ನು ಹಾಕಿತು. ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರ, ಸುಮಾರು 25 ಕಿ.ಮೀ. ಉದ್ದದ ಎರಡು ತೋಳು, 20 ಮಾಪಕ. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ ಇದರ ಒಡಹುಟ್ಟುಗಳು. ದಕ್ಷಿಣದ ಪುರಾತನ ಗಟ್ಟಿ ಬಂಡೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ನೆಲ. ಭಾರತ ಸಿಟಿಬಿಟಿಗೆ ಸಹಿ ಹಾಕದ ಕಾರಣ ಇದು ಅಂತರರಾಷ್ಟ್ರೀಯ ಕಾವಲು ಜಾಲದ ಭಾಗವಲ್ಲ.

ಸಾಲು ಏಕೆ ಬೇಕು? ದೂರದಿಂದ ಬರುವ ಅಲೆ 20 ಮಾಪಕಗಳನ್ನೂ ಒಂದು ಕ್ರಮದಲ್ಲಿ ಮುಟ್ಟುತ್ತದೆ. ಕೊರಿಯಾ ಕಡೆಯದಾದರೆ ಈಶಾನ್ಯದಿಂದ, ಚೀನಾದ ಹಳೆಯ ಪರೀಕ್ಷಾ ತಾಣ ಲೋಪ್ ನೂರ್ ಕಡೆಯದಾದರೆ ಉತ್ತರಕ್ಕೆ ಹೆಚ್ಚು ವಾಲಿಕೊಂಡು. ಆ ಕ್ರಮಕ್ಕೆ ತಕ್ಕಂತೆ ಗೆರೆಗಳನ್ನು ಹಿಂದೆಮುಂದೆ ಸರಿಸಿ ಕೂಡಿಸಿದರೆ ಅಲೆ ಬಲಗೊಳ್ಳುತ್ತದೆ, ಲಾರಿ-ಗಾಳಿಗಳ ಗದ್ದಲ ತನ್ನನ್ನು ತಾನೇ ಹೊಡೆದುಹಾಕಿಕೊಳ್ಳುತ್ತದೆ. ಲಾಭ ಮಾಪಕಗಳ ಸಂಖ್ಯೆಯ ವರ್ಗಮೂಲದಷ್ಟು. 20ಕ್ಕೆ ಸುಮಾರು ನಾಲ್ಕೂವರೆ ಪಟ್ಟು. ಸರಿಸಿದ ಲೆಕ್ಕದಿಂದಲೇ ಅಲೆ ಬಂದ ದಿಕ್ಕೂ ಅಂದಾಜು ದೂರವೂ ಸಿಗುತ್ತವೆ. ಯೆಲ್ಲೋನೈಫ್, ವಾರಮುಂಗದಂಥ ಸಾಲಿನ ದಾಖಲೆ ಕೈಗೆ ಸಿಕ್ಕಿದರೆ ಆಬ್ಸ್‌ಪೈನಲ್ಲಿ ಇದನ್ನೂ ಮಾಡಿ ನೋಡಬಹುದು.

ಹೆಜ್ಜೆ 6: ಎರಡು ತೀವ್ರತೆಗಳನ್ನು ಎದುರುಬದುರು ಇಡಿ

ಒಂದು ತೀವ್ರತೆಯನ್ನು ಪಿ ಅಲೆಯಿಂದ ಲೆಕ್ಕ ಹಾಕುತ್ತಾರೆ, ಇದನ್ನು ಎಂಬಿ ಎನ್ನುತ್ತಾರೆ. ಇನ್ನೊಂದನ್ನು ಸುಮಾರು 20 ಸೆಕೆಂಡಿಗೊಮ್ಮೆ ಏರಿಳಿಯುವ ಮೇಲ್ಮೈ ಅಲೆಯಿಂದ, ಇದು ಎಂಎಸ್. ಭೂಕಂಪದ ಬಿರುಕು ಉದ್ದವಾಗಿ ಹರಡಿ, ಸಮಯ ತೆಗೆದುಕೊಂಡು ಜಾರುವುದರಿಂದ ಮೇಲ್ಮೈ ಅಲೆ ದೊಡ್ಡದು. ಸ್ಫೋಟ ಚಿಕ್ಕ ಜಾಗದಲ್ಲಿ ಕ್ಷಣದಲ್ಲಿ ಮುಗಿಯುವುದರಿಂದ ಅದೇ ಎಂಬಿಗೆ ಎಂಎಸ್ ಬಹಳ ಕಡಿಮೆ. ದಶಕಗಳ ಕಾಲ ಇದೇ ಅತ್ಯಂತ ನಂಬಿಕೆಯ ಒರೆಗಲ್ಲಾಗಿತ್ತು.

ಉತ್ತರ ಕೊರಿಯಾ ಅದನ್ನೂ ಸ್ವಲ್ಪ ಅಲುಗಾಡಿಸಿತು. ಅಲ್ಲಿನ ಸ್ಫೋಟಗಳ ಮೇಲ್ಮೈ ಅಲೆ ನಿರೀಕ್ಷೆಗಿಂತ ದೊಡ್ಡದಿದ್ದು, ಭೂಕಂಪವನ್ನೂ ಸ್ಫೋಟವನ್ನೂ ಬೇರ್ಪಡಿಸುವ ಗೆರೆಯ ಹತ್ತಿರಕ್ಕೆ ಬಂದುಬಿಟ್ಟವು. 2009ರ ನಂತರ ಆ ಗೆರೆಯನ್ನೇ ಬೇರೆಡೆ ಎಳೆಯಬೇಕಾಯಿತು. ಆದ್ದರಿಂದ ನಿಮ್ಮ ಲೆಕ್ಕ 4ನೇ ಹೆಜ್ಜೆಯಲ್ಲಿ ‘ಸ್ಫೋಟ’, ಇಲ್ಲಿ ‘ಸಂದೇಹ’ ಎಂದರೆ ಗಾಬರಿಯಾಗಬೇಡಿ. ಎರಡನ್ನೂ ಬರೆದಿಟ್ಟು ಮುಂದೆ ಹೋಗಿ.

ಹೆಜ್ಜೆ 7: ಕಿಲೋಟನ್ ಲೆಕ್ಕ, ಒಂದು ಚಿಟಿಕೆ ಅಪನಂಬಿಕೆಯೊಂದಿಗೆ

ಹಳೆಯ ಗಟ್ಟಿ ಬಂಡೆಯ ನೆಲಕ್ಕೆ, ಕಝಾಕ್‌ಸ್ತಾನದ ಸೆಮಿಪಲಾಟಿನ್‌ಸ್ಕ್ ತಾಣದ ಪರೀಕ್ಷೆಗಳಿಂದ ಬಂದ ಸೂತ್ರ ಇದು:

ಎಂಬಿ = 4.45 + 0.75 × ಲಾಗ್ (ಕಿಲೋಟನ್)

ಲಾಗ್ ಎಂದರೆ 10ರ ಆಧಾರದ್ದು. ಎಂಬಿ 6.1 ಹಾಕಿದರೆ ಸುಮಾರು 158 ಕಿಲೋಟನ್ ಬರುತ್ತದೆ. ಯುಎಸ್‌ಜಿಎಸ್‌ನ 6.3 ಹಾಕಿ: 293. ಎರಡು ಒಳ್ಳೆಯ ಸಂಸ್ಥೆಗಳ ನಡುವಿನ 0.2 ವ್ಯತ್ಯಾಸಕ್ಕೆ ಬಾಂಬು ಹೆಚ್ಚುಕಡಿಮೆ ಇಮ್ಮಡಿಯಾಯಿತು.

ನೆಲ ಬದಲಾದರೆ ಇನ್ನೂ ದೊಡ್ಡ ಎಡವಟ್ಟು. ಅಮೆರಿಕದ ನೆವಾಡಾ ತಾಣಕ್ಕೆ ಬಳಸುವ ಸೂತ್ರದಲ್ಲಿ 4.45ರ ಬದಲು 3.92, 0.75ರ ಬದಲು 0.81. ಅದರಲ್ಲಿ ಅದೇ 6.1 ಹಾಕಿದರೆ 490 ಕಿಲೋಟನ್! ನೆವಾಡಾದ ಕೆಳಗಿನ ಭೂಗರ್ಭ ಬಿಸಿಯಾಗಿ ಮೆದುವಾಗಿದೆ, ಅಲೆಯನ್ನು ಹೀರಿಕೊಳ್ಳುತ್ತದೆ. ಕಝಾಕ್ ನೆಲ ತಣ್ಣಗೆ ಗಟ್ಟಿಯಾಗಿದೆ. ಚಪ್ಪಡಿಯ ಮೇಲೆ ಒನಕೆ ಬಿದ್ದರೆ ಪಕ್ಕದ ಮನೆಗೂ ಕೇಳುತ್ತದೆ, ಹುಲ್ಲಿನ ಮೆದೆಯ ಮೇಲೆ ಬಿದ್ದರೆ ಪಕ್ಕದಲ್ಲಿ ನಿಂತವರಿಗೂ ಕೇಳದು. 1980ರ ದಶಕದಲ್ಲಿ ಸೋವಿಯತ್ತರು 150 ಕಿಲೋಟನ್ ಮಿತಿ ಮೀರುತ್ತಿದ್ದಾರೆಂದು ಅಮೆರಿಕದ ಸರ್ಕಾರ ಆರೋಪಿಸಿದ್ದರ ಹಿಂದೆ ಈ ನೆಲದ ವ್ಯತ್ಯಾಸವನ್ನು ಸಾಕಷ್ಟು ಎಣಿಕೆಗೆ ತೆಗೆದುಕೊಳ್ಳದ ಲೆಕ್ಕವಿತ್ತು. ಸ್ವತಃ ಅಮೆರಿಕದ ಎಷ್ಟೋ ಭೂಕಂಪ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಕೊನೆಗೆ 1988ರ ಆಗಸ್ಟ್‌ನಲ್ಲಿ ನೆವಾಡಾದಲ್ಲಿ, ಸೆಪ್ಟೆಂಬರಿನಲ್ಲಿ ಸೆಮಿಪಲಾಟಿನ್‌ಸ್ಕ್‌ನಲ್ಲಿ ಒಬ್ಬರ ಸ್ಫೋಟವನ್ನು ಇನ್ನೊಬ್ಬರು ಸ್ಥಳದಲ್ಲೇ ನಿಂತು ಅಳೆದರು. 1974ರ ಒಪ್ಪಂದ ಜಾರಿಗೆ ಬಂದದ್ದು 1990ರ ಡಿಸೆಂಬರಿನಲ್ಲಿ.

ನಮ್ಮದೇ ಉದಾಹರಣೆಯೂ ಇದೆ. ಪೋಖ್ರಾನಿನ ಮೇ 11ರ ಎಂಬಿ 5.2 ಎಂದು ಯುಎಸ್‌ಜಿಎಸ್ ಕೊಟ್ಟಿತು. ಮೇಲಿನ ಮೊದಲ ಸೂತ್ರದಲ್ಲಿ ಅದು 10 ಕಿಲೋಟನ್. ಭಾರತದ ಅಧಿಕೃತ ಲೆಕ್ಕ ಒಟ್ಟು 60 ಕಿಲೋಟನ್ನಿಗೆ ಹತ್ತಿರ. ಒಂದು ಕಿಲೋಮೀಟರ್ ಅಂತರದಲ್ಲಿ ಒಟ್ಟಿಗೇ ಸಿಡಿಸಿದ ಎರಡು ಬಾಂಬುಗಳ ಅಲೆಗಳು ಕೆಲವು ದಿಕ್ಕಿನಲ್ಲಿ ಒಂದನ್ನೊಂದು ಕುಗ್ಗಿಸಿದವು, ನೆಲದ ಗುಣವೂ ಬೇರೆ ಎಂಬುದು ಭಾಭಾ ಕೇಂದ್ರದವರ ವಾದ. ಹೊರಗಿನ ಹಲವರು ಒಪ್ಪಿಲ್ಲ. ಬರೀ ಅಲೆ ನೋಡಿ ಈ ಜಗಳ ಬಗೆಹರಿಸುತ್ತೇನೆಂದು ಹೊರಡುವವರನ್ನು, ಅವರು ಯಾವ ಪಕ್ಷದವರಾದರೂ ಸರಿ, ನಾನು ನಂಬುವುದಿಲ್ಲ.

ಹಾಗಾಗಿ ಒಂದೇ ಅಂಕಿ ಬರೆಯಬೇಡಿ. 2017ಕ್ಕೆ ‘100ರಿಂದ 300ರೊಳಗೆ’ ಎಂದು ಬರೆದರೆ ಯಾರೂ ನಿಮ್ಮನ್ನು ಆಡಿಕೊಳ್ಳುವುದಿಲ್ಲ.

ಹೆಜ್ಜೆ 8: ಕಳ್ಳ ಏನು ಮಾಡಬಹುದೆಂದು ಯೋಚಿಸಿ

ದೊಡ್ಡ ಗುಹೆಯ ನಡುವೆ ಬಾಂಬು ಇಟ್ಟು ಸಿಡಿಸಿದರೆ ಬಂಡೆಗೆ ಬೀಳುವ ಏಟು ಕುಗ್ಗುತ್ತದೆ. 1964ರಲ್ಲಿ ಮಿಸಿಸಿಪ್ಪಿಯ ಉಪ್ಪಿನ ಪದರದಲ್ಲಿ ಅಮೆರಿಕ 5.3 ಕಿಲೋಟನ್ನಿನ ‘ಸಾಲ್ಮನ್’ ಸಿಡಿಸಿತು. ಅದು ಮಾಡಿದ ಪೊಳ್ಳಿನೊಳಗೆ 1966ರಲ್ಲಿ 0.38 ಕಿಲೋಟನ್ನಿನ ‘ಸ್ಟರ್ಲಿಂಗ್’ ಸಿಡಿಸಿದಾಗ ಕಂಪನ ಸುಮಾರು 70 ಪಟ್ಟು ಕಡಿಮೆಯಾಯಿತು. ಕಾಗದದ ಮೇಲೆ ಇದು ಹೆದರಿಸುತ್ತದೆ. ಆದರೆ ಅಷ್ಟು ದೊಡ್ಡ ಗುಹೆಯನ್ನು ಯಾರಿಗೂ ಕಾಣದಂತೆ ತೋಡಿ, ಮಣ್ಣು ಸಾಗಿಸಿ, ಅನಿಲ ಸೋರದಂತೆ ಮುಚ್ಚಬೇಕು.

ಗಣಿ ಸ್ಫೋಟದ ಮರೆಯಲ್ಲಿ ಅಡಗಿಸುವುದು ಇನ್ನೊಂದು ಉಪಾಯ. ಗಣಿಗಳಲ್ಲಿ ಮದ್ದನ್ನು ಸಾಲಾಗಿ, ಕ್ಷಣಾರ್ಧದ ಅಂತರದಲ್ಲಿ ಸಿಡಿಸುತ್ತಾರೆ; ಅದರ ಗುರುತು ಆವರ್ತನ ಪಟ್ಟಿಯಲ್ಲಿ ಅಡ್ಡಗೆರೆಗಳಾಗಿ ಕಾಣುತ್ತದೆ. ಬಂಡೆ ತಾನೇ ಸಿಡಿಯುವ ರಾಕ್ ಬರ್ಸ್ಟ್ ಬೇರೆ ಜಾತಿ. ಕೋಲಾರದ ಚಿನ್ನದ ಗಣಿಯವರಿಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು.

ಹೆಜ್ಜೆ 9: ಅಣುವೇ ಎಂದು ಹೇಳುವುದು ಗಾಳಿ

ಅಲೆಗಳು ಸ್ಫೋಟ ಎನ್ನುತ್ತವೆ, ಅಣು ಎನ್ನುವುದಿಲ್ಲ. ಅದಕ್ಕೆ ಅಣು ಒಡೆದಾಗ ಹುಟ್ಟುವ ವಿಕಿರಣಶೀಲ ಝೆನಾನ್ ಅನಿಲ ಗಾಳಿಯಲ್ಲಿ ಸಿಗಬೇಕು. ಝೆನಾನ್-133ರ ಅರ್ಧಾಯುಷ್ಯ ಸುಮಾರು 5 ದಿನ, ತಡವಾದರೆ ಕರಗಿಹೋಗುತ್ತದೆ. 2006ರ ಪರೀಕ್ಷೆಯ ಝೆನಾನ್ ಸುಮಾರು ಎರಡು ವಾರದ ನಂತರ ಕೆನಡಾದ ಯೆಲ್ಲೋನೈಫ್‌ನಲ್ಲಿ ಸಿಕ್ಕಿತು. 2009ರದು ಸಿಗಲೇ ಇಲ್ಲ. ಬೆಟ್ಟ ಬಾಯಿ ಬಿಡಲಿಲ್ಲ. 2013ರದು ಜಪಾನಿನ ತಕಸಾಕಿ ಕೇಂದ್ರದಲ್ಲಿ ಕಂಡದ್ದು ಏಳು ವಾರ ಕಳೆದ ಮೇಲೆ. ಸಿಗದಿದ್ದರೆ ಅಣು ಸ್ಫೋಟವಲ್ಲ ಎಂದರ್ಥವಲ್ಲ. ಆಗ ಉಳಿಯುವುದು ಗಾತ್ರದ ತರ್ಕ: ಸಾವಿರಾರು ಟನ್ ರಾಸಾಯನಿಕ ಮದ್ದನ್ನು ಸುರಂಗಕ್ಕೆ ಯಾರ ಕಣ್ಣಿಗೂ ಬೀಳದೆ ಸಾಗಿಸುವುದು ಕಷ್ಟ. ಸ್ಥಳಕ್ಕೇ ಹೋಗಿ ತಪಾಸಣೆ ಮಾಡುವ ಹಕ್ಕು ಸಿಟಿಬಿಟಿಯಲ್ಲಿದೆ, ಒಪ್ಪಂದ ಜಾರಿಯಾದ ಮೇಲೆ ಮಾತ್ರ.

ಇನ್ನೊಂದು ಅಭ್ಯಾಸ

ಪುಂಗ್ಯೆ-ರಿ ಕೈಗೆ ಹಿಡಿದ ಮೇಲೆ ನಿಲೋರ್ ಕೇಂದ್ರದ 1998ರ ಮೇ ದಾಖಲೆ ತೆಗೆಯಿರಿ. ಜಾಲ ಐಐ, ಸಂಕೇತ ಎನ್‌ಐಎಲ್. ಮೇ 11ರ ಮಧ್ಯಾಹ್ನ ಪೌನೇ ನಾಲ್ಕರ ಸುಮಾರಿನ ಗೆರೆಯಲ್ಲಿ 3 ಮತ್ತು 4ನೇ ಹೆಜ್ಜೆ ಮಾಡಿ. ಆಮೇಲೆ ಮೇ 13ರ ಮಧ್ಯಾಹ್ನ 12:21ರ ನಂತರದ ತುಣುಕು ನೋಡಿ. ಅಂದು ಒಂದು ಕಿಲೋಟನ್ನಿಗಿಂತ ಚಿಕ್ಕದಾದ ಎರಡು ಪರೀಕ್ಷೆ ಮಾಡಿದ್ದಾಗಿ ಭಾರತ ಪ್ರಕಟಿಸಿತು. ಹೊರಗಿನ ಯಾವ ಕೇಂದ್ರವೂ ಅವನ್ನು ಹಿಡಿಯಲಿಲ್ಲ. ಅವು ಮರಳುದಿಬ್ಬದ ಕೆಳಗೆ ನಡೆದವು ಎಂಬುದು ನಮ್ಮ ವಿಜ್ಞಾನಿಗಳ ವಿವರಣೆ. ಸಡಿಲ ಒಣ ಮರಳು ಅಲೆಯನ್ನು ನುಂಗುತ್ತದೆ. ನಿಮಗೂ ಗದ್ದಲವಷ್ಟೇ ಕಾಣುತ್ತದೆ. ಆ ಗದ್ದಲದ ಎತ್ತರ ಅಳೆದು, ಇದಕ್ಕಿಂತ ದೊಡ್ಡ ಎಂಬಿ ಇದ್ದಿದ್ದರೆ ಕಾಣಬೇಕಿತ್ತು ಎಂಬ ಮಿತಿಯನ್ನು ಲೆಕ್ಕ ಹಾಕಿ. ‘ಏನೂ ನಡೆದಿಲ್ಲ’ ಎಂದು ಬರೆಯಬೇಡಿ. ‘ಗಟ್ಟಿ ಬಂಡೆಯಾಗಿದ್ದರೆ ಇಷ್ಟರೊಳಗೆ, ಮರಳಾಗಿದ್ದರೆ ಅದಕ್ಕಿಂತ ಹೆಚ್ಚೂ ಇರಬಹುದು’ ಎಂದು ಬರೆಯಿರಿ.